ಎಡಗೈ ಹೊಲಿಗೆ

ಹಡಗಿನ ಯಜಮಾನ ನಾಖುದಾ ಖಲ್ಫಾನನ ಬಾಯಲ್ಲಿ ನನ್ನ ಗಂಡ ಮುಹನ್ನಾ ನೂರು ಸಲವಾದರೂ ಸತ್ತಿದ್ದಾನೆ. ಸಲದಿಂದ ಸಲಕ್ಕೆ ಅವನ ಸಾವು ಚೆಂದವಾಗುತ್ತ ಹೋಯಿತು. ಮೊದಲ ವರ್ಷ ಆ ದೊಡ್ಡ ಹಕ್ಕಿ ಅವನನ್ನು ಸುಮ್ಮನೆ ಎತ್ತಿಕೊಂಡು ಹೋಗಿತ್ತು. ಎರಡನೆಯ ವರ್ಷಕ್ಕೆ ಅವನು ಹಕ್ಕಿಯ ಉಗುರಿನಲ್ಲಿ ಸಿಕ್ಕಿಕೊಂಡೇ ಕಠಾರಿ ಹಿರಿದು ಅದರ ಕಾಲಿಗೆ ಇರಿಯತೊಡಗಿದ. ಮೂರನೆಯ ವರ್ಷಕ್ಕೆ ಮೋಡದೊಳಗಿಂದ "ನಾಖುದಾ, ನೀವಾದರೂ ಬದುಕಿಕೊಳ್ಳಿ!" ಎಂದು ಕೂಗಿ ಹೇಳುವಷ್ಟು ಬೆಳೆದ. ನನ್ನ ಗಂಡ ಕೂಗುವ ಪೈಕಿಯಲ್ಲ. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಕೈ ಚಾಚುತ್ತಿದ್ದನೇ ಹೊರತು ಬಾಯಿ ಬಿಡುತ್ತಿರಲಿಲ್ಲ.

ಆದರೂ ನಾನು ನಂಬಿದೆ. ನನ್ನ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲೆಯೇ ಇರುವುದು ಈ ಕಾರಣಕ್ಕೆ. ಆ ಹಕ್ಕಿಯನ್ನು ನಾನು ಬಲ್ಲೆ. ನಮ್ಮೂರು ಸೊಹಾರಿನ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಒದ್ದೆ ಚಾಪೆ ಹಾಸಿ ಅಜ್ಜಿ ನನ್ನನ್ನು ಮಲಗಿಸುತ್ತಿದ್ದುದೇ ಅದರ ರೆಕ್ಕೆಯ ಕೆಳಗೆ. ಅದು ರೆಕ್ಕೆ ಬಿಚ್ಚಿದರೆ ನಡುಹಗಲೇ ಕತ್ತಲು. ಅದರ ಮೊಟ್ಟೆ ಮಸೀದಿಯ ಗುಮ್ಮಟದಷ್ಟು. ಅದರ ಮರಿಗಳಿಗೆ ಆನೆಯೇ ಹುಳು. ಖಲ್ಫಾನ್ ತನ್ನ ಅಂಗಳದಲ್ಲಿ ಕಥೆ ಹೇಳುವಾಗ ನಾನು ಜಾಲರಿ ಗೋಡೆಯ ಆಚೆ ಹೆಂಗಸರ ನಡುವೆ ಕೂತು, ರೆಕ್ಕೆಯ ತುದಿ ಕೆಂಪಗಿರಬೇಕಲ್ಲ, ಇವರು ಕಪ್ಪು ಅನ್ನುತ್ತಾರಲ್ಲ ಎಂದು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಗಂಡನ ಸಾವಿನ ಕಥೆಯಲ್ಲಿ ಗರಿಯ ಬಣ್ಣ ತಿದ್ದುವ ಹೆಂಡತಿ! ಈಗ ನೆನೆದರೆ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಖಲ್ಫಾನ್ ಹಿಂದಿರುಗುವ ಮುಂಚೆ, ಹಡಗು ಬರಬೇಕಾದ ಕಾಲ ಕಳೆದು ಎರಡು ತಿಂಗಳಾದಾಗ, ನಮ್ಮ ಊರ ವಾಡಿಕೆಯಂತೆ ನಾವು ಹೆಂಗಸರು ಖರ್ಜೂರದ ಗರಿ ಹಿಡಿದು ದಡಕ್ಕೆ ಹೋಗಿ ಕಡಲಿಗೆ ಹೊಡೆದಿದ್ದೆವು. "ಕೊಡು ನಮ್ಮ ಗಂಡಸರನ್ನ! ನಾಚಿಕೆ ಆಗಲ್ವಾ ನಿಂಗೆ?" ಎಂದು ಸೊಂಟದುದ್ದ ನೀರಿನಲ್ಲಿ ನಿಂತು ಬಾರಿಸಿದ್ದೆವು. ನನ್ನ ಅತ್ತೆಯಂತೂ ಕಬ್ಬಿಣದ ಸಲಾಕೆಯನ್ನು ಕೆಂಪಗೆ ಕಾಯಿಸಿ ತಂದು ಅಲೆಗೆ ಬರೆ ಹಾಕಿದ್ದಳು. ಚುಂಯ್ ಎಂದು ಆರಿತ್ತು ಅಷ್ಟೆ. ಪಾಪ, ಕಡಲು! ತಪ್ಪು ಮಾಡದೆ ಬರೆ ಹಾಕಿಸಿಕೊಂಡಿತು.

ಅದಾಗಿ ವಾರಕ್ಕೆ, ಮಲಬಾರಿನಿಂದ ಬಂದ ಪರರ ಹಡಗೊಂದರಿಂದ ಖಲ್ಫಾನ್ ಒಬ್ಬನೇ ಇಳಿದ. ಜೊತೆಗೆ ಒಂದು ಪುಟ್ಟ ದೋಣಿ, ಅದರ ತುಂಬ ಕರ್ಪೂರದ ಮೂಟೆಗಳು. ಹಡಗು ಒಡೆದ ಮರುದಿನ ಬೆಳಿಗ್ಗೆಯೇ ಹಕ್ಕಿ ಬಂತು, ದ್ವೀಪವೊಂದರ ದಡ ಸೇರಿದ್ದ ಏಳು ಜನರನ್ನೂ ಒಯ್ದಿತು, ತಾನು ಬಂಡೆಯ ಸಂದಿನಲ್ಲಿ ಅಡಗಿ ಉಳಿದೆ, ತಿಂಗಳುಗಟ್ಟಲೆ ಕೂತು ಸ್ವಂತ ಕೈಯಿಂದ ಈ ದೋಣಿ ಕಟ್ಟಿಕೊಂಡು ಬಂದೆ ಎಂದ. ಖಾಜಿಯ ಮುಂದೆಯೂ ಅದನ್ನೇ ಹೇಳಿದ. ಕಣ್ಣಾರೆ ಕಂಡವನ ಸಾಕ್ಷಿ. ಅವತ್ತಿನಿಂದ ನಾನು ವಿಧವೆ. ವಿಧವೆಯರ ಕಟ್ಟಳೆಯಂತೆ ನಾಲ್ಕು ತಿಂಗಳು ಹತ್ತು ದಿನ ಒಳಕೋಣೆಯಲ್ಲಿ ಕೂತು ಎದ್ದೆ. ಖಲ್ಫಾನ್ ಮನೆಗೆ ಮಾಳಿಗೆ ಏರಿಸಿದ, ಹೊಸ ಹಡಗಿಗೆ ಮರ ತರಿಸಿದ. ಆ ದೋಣಿಯನ್ನು ಅಂಗಳದ ಗೋಡೆಗೆ ಒರಗಿಸಿಟ್ಟ. ದೂರದೂರಿನ ವ್ಯಾಪಾರಿಗಳು ಬಂದು ಅದನ್ನು ಮುಟ್ಟಿ ಕೈಯನ್ನು ಹಣೆಗೆ ಒತ್ತಿಕೊಳ್ಳುತ್ತಿದ್ದರು.

ಹೆಂಗಸರಿಗೆ ಆ ಅಂಗಳಕ್ಕೆ ಪ್ರವೇಶವಿಲ್ಲ. ಮೂರು ವರ್ಷ ನಾನು ಜಾಲರಿಯ ತೂತಿನಿಂದ ಆ ದೋಣಿಯ ಮೂತಿಯನ್ನಷ್ಟೇ ನೋಡಿದ್ದೆ.

ಆಮೇಲೆ ಖಲ್ಫಾನನ ಮಗಳ ಮದುವೆ ಬಂತು. ಗಂಡಸರ ಊಟ ತೋಟದಲ್ಲಿ, ಅಂಗಳ ಹೆಂಗಸರಿಗೆ. ಅತ್ತೆಯ ಮಂಡಿ ನೋವಿಗೆ ಒರಗುವ ಜಾಗ ಬೇಕೆಂದು ಇಬ್ಬರೂ ದೋಣಿಯ ಪಕ್ಕದಲ್ಲೇ ಕೂತೆವು. ಮದುಮಗಳಿಗೆ ಗೋರಂಟಿ ಹಚ್ಚುತ್ತಿದ್ದರು. ನಾನು ಹಲ್ವಾ ತಿನ್ನುತ್ತ, ಬೆರಳಿಗೆ ಮೆತ್ತಿದ ತುಪ್ಪವನ್ನು ಎಲ್ಲಿ ಒರೆಸಲಿ ಎಂದು ಕೈಯನ್ನು ದೋಣಿಯ ಒಳಬದಿಗೆ ಚಾಚಿದೆ.

ನಮ್ಮಲ್ಲಿ ಹಡಗಿಗೆ ಮೊಳೆ ಹೊಡೆಯುವುದಿಲ್ಲ. ಹಲಗೆಯ ಅಂಚಿಗೆ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಾರೆ. ಮುಹನ್ನಾನ ಕಸುಬೇ ಅದು. ಮದುವೆಯಾದ ಐದು ವರ್ಷ ಅವನ ಹುರಿಯನ್ನು ಹೊಸೆದುಕೊಟ್ಟವಳು ನಾನು. ಮನೆಯ ಹಿಂದೆ ಅವನು ಸಣ್ಣ ದೋಣಿ ರಿಪೇರಿ ಮಾಡುವಾಗ ಒಳಗೆ ಕೂತು ಹುರಿ ಜಗ್ಗಿದವಳೂ ನಾನೇ. ಅವನು ಎಡಚ. ಊರಿನ ಎಲ್ಲರ ಹೊಲಿಗೆ ಬಲಕ್ಕೆ ವಾಲಿದರೆ ಅವನದು ಎಡಕ್ಕೆ. ಜೊತೆಗೆ ಕೊನೆಯಲ್ಲಿ ಹುರಿಯನ್ನು ಮೂರು ಸುತ್ತು ಸುತ್ತಿ ತುದಿಯನ್ನು ಒಳಗೇ ತೂರಿಸಿಬಿಡುವ ಚಾಳಿ. "ಕಾಣದ ಹಾಗೆ ಮುಗಿಸ್ಬೇಕು ಕಣೇ" ಅನ್ನುತ್ತಿದ್ದ.

ತುಪ್ಪದ ಬೆರಳಿಗೆ ತಾಗಿದ್ದು ಆ ಮೂರು ಸುತ್ತು.

ಮೊದಲು ಬಂದದ್ದು ನಗು. ಎಷ್ಟು ದಿನವಾಯಿತು ಈ ಕೈಯನ್ನು ಮುಟ್ಟಿ ಅನ್ನಿಸಿತು. ಆಮೇಲೆ ಬುದ್ಧಿ ಓಡಿತು: ಇರಲಿ, ಒಡೆದ ಹಡಗಿನ ಹಲಗೆಯೇ ಇರಬಹುದು, ಹಳೇ ಹೊಲಿಗೆಯೇ ಇರಬಹುದು. ಬಗ್ಗಿ ನೋಡಿದೆ. ಹುರಿ ತೆಂಗಿನ ನಾರಿನದಲ್ಲ. ಯಾವುದೋ ಮರದ ತೊಗಟೆಯನ್ನು ಸೀಳಿ ಹೊಸೆದದ್ದು, ನಮ್ಮ ನೆಲದಲ್ಲಿ ಎಲ್ಲೂ ಬೆಳೆಯದ ಮರದ್ದು. ಮೂತಿಯಿಂದ ಹಿಂಬದಿಯವರೆಗೆ, ಎರಡೂ ಮಗ್ಗುಲಿಗೆ, ಒಂದೊಂದು ಹೊಲಿಗೆಯೂ ಎಡಕ್ಕೆ ವಾಲಿತ್ತು.

ಹಡಗು ಒಡೆದ ಮರುದಿನ ಸತ್ತವನು ಆ ದ್ವೀಪದ ತೊಗಟೆ ಸುಲಿದು, ನೆನೆಹಾಕಿ, ಹೊಸೆದು, ಇಡೀ ದೋಣಿ ಹೊಲಿದದ್ದು ಹೇಗೆ?

"ಅತ್ತೇ," ಅಂದೆ, "ಇಲ್ಲಿ ಕೈ ಇಡಿ."

ಅತ್ತೆಗೆ ಕಣ್ಣು ಮಂಜು. ಆದರೆ ಮಗನಿಗೆ ಕಸುಬು ಕಲಿಸಿದ ಮನೆಯವಳು. ಒಂದು ಹೊಲಿಗೆ ಸವರಿದಳು, ಎರಡು ಸವರಿದಳು, ಮೂರನೆಯದರ ಮೇಲೆ ಕೈ ನಿಂತುಬಿಟ್ಟಿತು.

"ರಯ್ಯಾ," ಅಂದಳು ಮೆಲ್ಲಗೆ, "ಹಲ್ವಾ ಉಗುಳು. ಈ ಮನೇದು ಒಂದು ತುಣುಕೂ ಹೊಟ್ಟೆಗಿಳೀಬಾರದು."

ಉಗುಳಿದೆ, ಅವರ ಬಸ್ರಾ ಜಮಖಾನದ ಮೇಲೇ.

ಮರುದಿನ ಮಧ್ಯಾಹ್ನದ ನಮಾಜು ಮುಗಿದು ಖಲ್ಫಾನನ ಅಂಗಳ ತುಂಬಿತ್ತು. ಕಥೆಯಲ್ಲಿ ಅವನು ಹಕ್ಕಿಯ ನೆರಳು ಬೀಳುವಲ್ಲಿಗೆ ಬಂದಿದ್ದ. ಎರಡು ತುಂಡು ಹಲಗೆ, ಒಂದು ಸುರುಳಿ ಹುರಿ ಹಿಡಿದುಕೊಂಡು ನಾನು ಮುಂಬಾಗಿಲಿನಿಂದಲೇ ಒಳಗೆ ನಡೆದೆ. ಅತ್ತೆ ನನ್ನ ಹಿಂದೆ. ನಮ್ಮ ಹಿಂದೆ ಶಮ್ಸಾ. ಆ ಏಳು ಜನರಲ್ಲಿ ಅವಳ ಮಗ ಹುಮೈದ್ ಒಬ್ಬ. ಗಂಡಸರೆಲ್ಲ ತಲೆ ತಗ್ಗಿಸಿದರು, ಹೆಂಗಸರು ದಾರಿ ತಪ್ಪಿ ಬಂದರೆಂದು.

"ಏನಮ್ಮಾ ಇದು, ಹಿಂದಿನ ಬಾಗಿಲು ಆ ಕಡೆ," ಎಂದ ಒಬ್ಬ.

"ಗೊತ್ತು. ಮೂರು ವರ್ಷ ಅಲ್ಲೇ ಕೂತಿದ್ದೆ," ಅಂದೆ. "ನಾಖುದಾ, ಈ ದೋಣೀನ ಕಟ್ಟಿದ್ದು ಯಾರು?"

ಖಲ್ಫಾನ್ ಗಡ್ಡ ನೀವಿದ. ಮುಖದಲ್ಲಿ ಕರುಣೆ. ಆ ಕರುಣೆಗೆ ಹೊಡೆಯಬೇಕಿತ್ತು. "ನಾನೇ ತಾಯಿ. ಎಷ್ಟು ಸಲ ಹೇಳಿಲ್ಲ? ದುಃಖ ನಿನಗೆ ಮರೆವು ತಂದಿದೆ."

"ಯಾವ ಕೈಯಲ್ಲಿ ಹೊಲಿದ್ರಿ?"

"ಕೈ ಅಂದ್ರೆ? ದೇವರು ಕೊಟ್ಟ ಕೈಯಲ್ಲಿ."

"ನಿಮಗೆ ದೇವರು ಬಲಗೈ ಕೊಟ್ಟಿದ್ದಾನೆ. ಈ ದೋಣಿ ಪೂರ್ತಿ ಎಡಗೈ ಹೊಲಿಗೆ."

ಅಂಗಳದಲ್ಲಿ ಮುಕ್ಕಾಲು ಪಾಲು ಹಡಗಿನವರೇ. ನಾಲ್ಕೈದು ತಲೆ ದೋಣಿಯ ಕಡೆ ತಿರುಗಿದವು. ನೋಡಿಯೇ ಇರಲಿಲ್ಲ ಅವರು! ಮೂರು ವರ್ಷ ಆ ದೋಣಿಯನ್ನು ಮುಟ್ಟಿ ಹಣೆಗೊತ್ತಿಕೊಂಡರು, ಒಬ್ಬನಾದರೂ ಹೊಲಿಗೆ ನೋಡಲಿಲ್ಲ. ಕಿವಿ ತುಂಬಿದ್ದಾಗ ಕಣ್ಣು ಕುರುಡು.

"ಹಾಂ, ಅದಾ?" ಖಲ್ಫಾನ್ ನಕ್ಕ. "ಬಲಗೈಗೆ ಗಾಯವಾಗಿತ್ತು. ನಿನ್ನ ಗಂಡ ಹೊಲಿಯೋದನ್ನ ನೋಡಿ ನೋಡಿ ಎಡಗೈಯಲ್ಲೂ ಬರ್ತಿತ್ತು."

ನಾನು ಹಲಗೆಗಳನ್ನೂ ಹುರಿಯನ್ನೂ ಅವನ ಮುಂದೆ ಎಸೆದೆ. "ಹಾಗಾದ್ರೆ ಹೊಲೀರಿ. ಇಡೀ ದೋಣಿ ಬೇಡ, ಮೂರೇ ಮೂರು ಹೊಲಿಗೆ."

"ಸಭೆಯಲ್ಲಿ ಹೀಗೆ..."

"ಹಕ್ಕಿ ಬರೋದ್ರೊಳಗೆ ಮುಗಿಸಿ, ನಾಖುದಾ!" ಎಂದಳು ನನ್ನ ಅತ್ತೆ ಹಿಂದಿನಿಂದ.

ಯಾರೋ ಕಿಸಕ್ಕನೆ ನಕ್ಕರು. ಖಲ್ಫಾನ್ ಹುರಿಯನ್ನು ಎತ್ತಿಕೊಂಡ. ಬೇರೆ ದಾರಿ ಇರಲಿಲ್ಲ. ತೂತಿಗೆ ಪೋಣಿಸಿದ, ಜಗ್ಗಿದ, ಹಲಗೆ ಜಾರಿತು. ತೊಡೆಯ ನಡುವೆ ಒತ್ತಿ ಹಿಡಿದು ಮತ್ತೆ ಜಗ್ಗಿದ. ಹುರಿ ಸಡಿಲಾಗಿ ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿತ್ತು. ಹಣೆಯ ಬೆವರು ಹಲಗೆಯ ಮೇಲೆ ಬಿತ್ತು. ಒಂದು ಕಡೆ ಕುಳಿತಿದ್ದ ಮುದುಕ ನಾಖುದಾ ಜುಮಾ ಎದ್ದು, ದೋಣಿಯ ಹತ್ತಿರ ಹೋಗಿ, ಹೊಲಿಗೆಗಳ ಮೇಲೆ ಬೆರಳಾಡಿಸಿ, ತುದಿಯ ನಾರನ್ನು ಉಗುರಿನಿಂದ ಕೆದಕಿ ನೆಕ್ಕಿ ನೋಡಿದ.

"ಇದು ಹುಡುಗ ಮುಹನ್ನಾನ ಕೈ," ಎಂದ. "ಹುರಿಯೂ ಆ ದ್ವೀಪದ್ದೇ. ಖಲ್ಫಾನ್, ಇಂಥ ದೋಣಿಗೆ ಅವನಿಗೆ ನಲವತ್ತು ದಿನವಾದ್ರೂ ಬೇಕು. ಹಕ್ಕಿ ಅಷ್ಟು ದಿನ ಏನು ಉಪವಾಸ ಇತ್ತಾ?"

ಆಮೇಲೆ ಹೊರಬಂದದ್ದನ್ನು ಬರೆಯುವಾಗ ಈಗಲೂ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ. ಹಕ್ಕಿ ಇರಲಿಲ್ಲ. ಏಳೂ ಜನ ಬದುಕಿದ್ದರು. ಅಲ್ಲಿದ್ದ ಹಲಗೆಗಳಿಂದ ಒಂದೇ ಸಣ್ಣ ದೋಣಿ ಆದೀತು. ನಕ್ಷತ್ರ ನೋಡಿ ದಾರಿ ಹಿಡಿಯಬಲ್ಲವನು ನಾಖುದಾ ಒಬ್ಬನೇ. ಅವನು ಹೋಗಿ ಹಡಗು ತರಲಿ ಎಂದು ಅವರೇ ತೀರ್ಮಾನಿಸಿದರಂತೆ. ಹಡಗು ಗೊತ್ತುಮಾಡಲು ಹಣ ಬೇಕಾಗುತ್ತದೆಂದು ಕಾಡಿನ ಮರ ಕಡಿದು ಕರ್ಪೂರ ತೆಗೆದು ಮೂಟೆ ಕಟ್ಟಿಕೊಟ್ಟವರೂ ಅವರೇ. ನನ್ನ ಗಂಡ ಹೊಲಿದ ದೋಣಿಯಲ್ಲಿ, ಆ ಏಳು ಜನರ ಜೀವದ ಬೆಲೆಯ ಮೂಟೆಗಳ ಮೇಲೆ ಕೂತು ಈ ಮನುಷ್ಯ ಊರಿಗೆ ಬಂದ.

"ಹೇಳ್ಬೇಕು ಅಂತಲೇ ಇಳಿದೆ," ಎಂದ ಖಲ್ಫಾನ್. ಧ್ವನಿ ಹೊಂಡಕ್ಕಿಳಿದಿತ್ತು. "ದಡದಲ್ಲಿ ಎಲ್ಲರೂ ತಬ್ಬಿಕೊಂಡು ಅತ್ತರು. ಒಬ್ಬರೇ ಉಳಿದ್ರಾ ನಾಖುದಾ ಅಂದ್ರು. ಬಾಯಿಗೆ ಹೂಂ ಅಂತ ಬಂದ್ಬಿಡ್ತು. ಹೇಗೆ ಅಂದ್ರು. ಹಕ್ಕಿ ಅಂದೆ. ಮಾರನೇ ದಿನ ಸರಿ ಮಾಡೋಣ ಅಂದ್ಕೊಂಡೆ. ಮಾರನೇ ದಿನ ಕಥೆ ಕೇಳೋಕೆ ಊರೇ ಬಂತು."

"ಮೂಟೆಗಳು?" ಅಂದಳು ಶಮ್ಸಾ.

ಅವನು ಮಾಳಿಗೆಯ ಕಡೆ ನೋಡಲಿಲ್ಲ. ಉಳಿದವರೆಲ್ಲ ನೋಡಿದರು.

ಜುಮಾ ಅಂದ: "ಆಗಿದ್ದಾಯ್ತು. ಧ್ರುವ ನಕ್ಷತ್ರ ಅಲ್ಲಿ ಎಷ್ಟು ಬೆರಳು ಎತ್ತರಕ್ಕೆ ಕಾಣುತ್ತೆ? ಅದನ್ನ ಹೇಳು ಸಾಕು, ದ್ವೀಪದ ದಾರಿ ಸಿಗುತ್ತೆ. ಗಾಳಿ ತಿರುಗೋಕೆ ಇನ್ನೂ ಹನ್ನೆರಡು ದಿನ ಇದೆ. ನನ್ನ ಹಡಗು ಸಿದ್ಧವಾಗಿದೆ."

ಅಷ್ಟು ಹೊತ್ತೂ ತಲೆ ತಗ್ಗಿಸಿದ್ದ ಖಲ್ಫಾನ್ ಆಗ ತಲೆ ಎತ್ತಿದ. ಅವನ ಕಣ್ಣಲ್ಲಿ ನಾಚಿಕೆ ಇರಲಿಲ್ಲ, ಲೆಕ್ಕಾಚಾರ ಇತ್ತು. "ಮೂರು ವರ್ಷ ಆಯ್ತು. ಈಗ ಯಾರು ಉಳಿದಿರ್ತಾರೆ? ಸತ್ತವರಿಗಾಗಿ ಬದುಕಿರೋ ಮೂವತ್ತು ಜನರನ್ನ ಕಡಲಿಗೆ ಹಾಕ್ಬೇಡ, ಜುಮಾ. ಆ ಬೆರಳು ನನಗೆ ನೆನಪಿಲ್ಲ."

ನೆನಪಿಲ್ಲವಂತೆ! ಆ ಹಕ್ಕಿಯ ಒಂದೊಂದು ಗರಿಯೂ ನೆನಪಿದ್ದವನಿಗೆ!

ಸತ್ತವರು ಸತ್ತೇ ಇದ್ದರೆ ಅವನು ಬರೀ ಸುಳ್ಳ. ಬದುಕಿ ಬಂದರೆ ಕಳ್ಳ. ಹನ್ನೆರಡು ದಿನ ಹೇಗೋ ದೂಡಿದರೆ ಗಾಳಿ ತಿರುಗುತ್ತದೆ, ಕಡಲು ಇನ್ನೊಂದು ವರ್ಷ ಬಾಗಿಲು ಹಾಕಿಕೊಳ್ಳುತ್ತದೆ. ಅಷ್ಟೇ ಅವನಿಗೆ ಬೇಕಿದ್ದುದು. ಖಾಜಿ ಕರೆಸಿದಾಗ ಖಲ್ಫಾನ್ ನೆನಪಿಲ್ಲ ಎಂದು ಕುರಾನ್ ಮುಟ್ಟಲೂ ಹೊರಟನಂತೆ, ಸುಳ್ಳಾಣೆ ಬೇಡವೆಂದು ಖಾಜಿಯೇ ಕೈ ಹಿಡಿದು ತಡೆದನಂತೆ.

ಮೂರು ದಿನ ಹಾಗೇ ಹೋಯಿತು. ನಾಲ್ಕನೆಯ ದಿನ ಖಲ್ಫಾನನ ಹೊಸ ಹಡಗನ್ನು ನೀರಿಗೆ ಇಳಿಸುವುದಿತ್ತು. ಮರದ ದಿಂಡುಗಳ ಮೇಲೆ ಹಡಗು ಕೂತಿತ್ತು, ಮೀನೆಣ್ಣೆ ಸವರಿ ಮಿರಮಿರ ಮಿಂಚುತ್ತಿತ್ತು. ಅರವತ್ತು ಜನ ಹಗ್ಗ ಹಿಡಿದು ಹಾಡು ಎತ್ತಿದ್ದರು. ಆಗ ನಾವು ಹೋದೆವು, ಏಳು ಮನೆಯ ಹೆಂಗಸರು. ನಮ್ಮನ್ನು ನೋಡಿ ಓಣಿ ಓಣಿಯಿಂದ ಬಂದು ಸೇರಿಕೊಂಡವರು ಎಷ್ಟೋ. ಎಲ್ಲರ ಕೈಯಲ್ಲೂ ಖರ್ಜೂರದ ಗರಿ.

"ಇವತ್ತು ಕಡಲಿಗಲ್ಲ," ಅಂದೆ. ಹಡಗಿನ ಪಕ್ಕೆಗೆ ಮೊದಲ ಏಟು ಹಾಕಿದವಳು ನಾನು.

ಹಾಡು ನಿಂತಿತು. ನಾವು ನಿಲ್ಲಿಸಲಿಲ್ಲ. ಗರಿಯ ಮುಳ್ಳು ಅಂಗೈಗೆ ಚುಚ್ಚಿ ರಕ್ತ ಬಂತು. "ಕೊಡು ನಮ್ಮ ಗಂಡಸರನ್ನ! ನಾಚಿಕೆ ಆಗಲ್ವಾ?" ಶಮ್ಸಾಳ ಧ್ವನಿ ಒಡೆದೇ ಹೋಯಿತು. ಅತ್ತೆ ಸಲಾಕೆ ಕಾಯಿಸಿಯೇ ತಂದಿದ್ದಳು. ಮೂತಿಯ ಹಲಗೆಗೆ ಒತ್ತಿದಳು. ಮೀನೆಣ್ಣೆ ಚಟಪಟ ಎಂದು ಹೊಗೆಯಾಡಿತು. ಈ ಸಲ ಆರಲಿಲ್ಲ, ಕಪ್ಪಗೆ ಬರೆ ಬಿತ್ತು.

ಖಲ್ಫಾನ್ ಓಡಿಬಂದ. "ಎಳೀರಿ! ಏನು ನೋಡ್ತಾ ನಿಂತಿದ್ದೀರಿ? ಎಳೀರೋ!"

ಹಗ್ಗದ ಮುಂಚೂಣಿಯಲ್ಲಿದ್ದವನು ಅವನದೇ ಹಡಗಾಳುಗಳ ಮುಖ್ಯಸ್ಥ. ಹಗ್ಗವನ್ನು ಕೆಳಗೆ ಹಾಕಿ ಕೈ ಒರೆಸಿಕೊಂಡ. "ನಾಖುದಾ, ಹೆಂಗಸರ ಏಟು ತಿಂದ ಹಡಗು ಹತ್ತೋಕೆ ನನ್ನ ಹೆಂಡತಿ ಬಿಡಲ್ಲ. ಅದು ಬಿಡಿ. ನಾಳೆ ನಾವೆಲ್ಲೋ ಸಿಕ್ಕಿಹಾಕಿಕೊಂಡ್ರೆ ನಮ್ಮನ್ನ ಯಾವ ಹಕ್ಕಿಗೆ ಹಾಕ್ತೀರಿ?"

ಒಬ್ಬೊಬ್ಬರಾಗಿ ಅರವತ್ತು ಜನವೂ ಹಗ್ಗ ಬಿಟ್ಟರು. ಹಡಗು ಅಲ್ಲೇ ಕೂತಿತು. ಖಲ್ಫಾನ್ ಒಬ್ಬನೇ ಹಗ್ಗದ ತುದಿ ಹಿಡಿದು ಸ್ವಲ್ಪ ಹೊತ್ತು ಎಳೆದ. ನಿಜವಾಗಿ ಎಳೆದ, ಕಾಲು ಮರಳಿನಲ್ಲಿ ಹೂತುಹೋಗುವಷ್ಟು. ಆಮೇಲೆ ಕುಸಿದು ಕೂತು, ಯಾರ ಮುಖವನ್ನೂ ನೋಡದೆ, "ಒಂದೂವರೆ ಬೆರಳು," ಎಂದ. "ಮಲಬಾರಿನ ಆಚೆಯ ಸರಂದೀಪದಿಂದ ಹನ್ನೊಂದು ದಿನ, ಮೂಡಣಕ್ಕೆ."

"ನೆನಪಾಯ್ತಾ?" ಅಂದಳು ಅತ್ತೆ. "ಪಾಪ, ಮರೆವು."

ಜುಮಾ ಅವನ ಮಾತನ್ನು ನಂಬದೆ ಅವನನ್ನೇ ಹಡಗಿಗೆ ಹತ್ತಿಸಿಕೊಂಡು ಹೋದ. ದಾರಿ ತಪ್ಪಿದರೆ ಅವನೂ ನಮ್ಮ ಜೊತೆಯೇ ತಪ್ಪಲಿ ಎಂದ.

ಹತ್ತು ತಿಂಗಳು. ಆ ಹತ್ತು ತಿಂಗಳು ನಾನು ಏನಾಗಿದ್ದೆ? ವಿಧವೆ ಹೌದೋ ಅಲ್ಲವೋ ಎಂದು ಖಾಜಿಯೂ ಹೇಳಲಿಲ್ಲ. ಹುರಿ ಹೊಸೆಯುತ್ತ ಕೂತೆ. ಅಜ್ಜಿಯ ಕಥೆಗಳನ್ನು ಬೇಕೆಂದೇ ನೆನೆಸಿಕೊಳ್ಳಲಿಲ್ಲ. ಅವು ಬಂದು ಬಾಗಿಲು ತಟ್ಟಿದರೂ ತೆರೆಯಲಿಲ್ಲ.

ಹಡಗು ಬಂದಾಗ ಆ ಏಳು ಜನರಲ್ಲಿ ಮೂವರು ಇಳಿದರು. ಮೂರನೆಯವನು ಮುಹನ್ನಾ. ಗಡ್ಡ ಎದೆಯವರೆಗೆ, ಎಡಗೈಯಲ್ಲಿ ಎರಡು ಬೆರಳಿಲ್ಲ. ಜನರ ನಡುವೆ ನನ್ನನ್ನು ಹುಡುಕಿ, ಎದುರಿಗೆ ಬಂದು ನಿಂತು, ಉಪ್ಪಿಗೆ ಚಾಚುತ್ತಿದ್ದನಲ್ಲ, ಹಾಗೆ ಸುಮ್ಮನೆ ಕೈ ಚಾಚಿದ. ನಾನು ಹಿಡಿದುಕೊಂಡೆ. ಅತ್ತೆ ಅವನ ಮುಖವನ್ನು ಸವರಿ ಸವರಿ ಬೈದಳು, "ಇಷ್ಟು ಚೆನ್ನಾಗಿ ಯಾಕೋ ಹೊಲಿದೆ ಆ ಪಾಪಿಯ ದೋಣೀನ? ಒಂದು ತೂತು ಬಿಡಬಾರ್ದಿತ್ತಾ?"

ಉಳಿದ ನಾಲ್ವರು ಅಲ್ಲೇ ಮಣ್ಣಾಗಿದ್ದರು. ಇಬ್ಬರು ಮೊದಲ ಮಳೆಗಾಲದ ಜ್ವರಕ್ಕೆ, ಒಬ್ಬ ಮರದಿಂದ ಬಿದ್ದು. ನಾಲ್ಕನೆಯವನು ಹುಮೈದ್, ಕಳೆದ ವರ್ಷ, ದೂರದಲ್ಲಿ ಹಾಯಿ ಕಂಡಿತೆಂದು ಈಜಿ ಹೋದವನು. ಕಳೆದ ವರ್ಷ! ಆ ಹೊತ್ತಿಗೆ ಖಲ್ಫಾನನ ಅಂಗಳದಲ್ಲಿ ಹುಮೈದ್ ಅದೆಷ್ಟನೆಯ ಸಲ ಹಕ್ಕಿಯ ಕೊಕ್ಕಿನಲ್ಲಿ ನೇತಾಡುತ್ತಿದ್ದನೋ. ಶಮ್ಸಾ ಅಳಲಿಲ್ಲ. ಹಡಗಿನಿಂದ ಕೊನೆಯವನು ಇಳಿಯುವವರೆಗೂ ನಿಂತಿದ್ದು ಮನೆಗೆ ಹೋದಳು.

ಸಿಟ್ಟು ಇಲ್ಲಿಗೆ ಮುಗಿಯಬೇಕಿತ್ತು. ಜನ ಮುಗಿಯಲು ಬಿಟ್ಟರೆ ತಾನೇ? ತಿಂಗಳೊಳಗೆ ಸಂತೆಯಲ್ಲಿ ಒಬ್ಬ ಮುಹನ್ನಾನನ್ನು ನಿಲ್ಲಿಸಿ, "ಅಣ್ಣಾ, ಹಕ್ಕಿ ಹೊಟ್ಟೆಯೊಳಗೆ ಕತ್ತಲಿತ್ತಾ?" ಎಂದು ಕೇಳಿದ. ತಮಾಷೆಗಲ್ಲ, ಭಕ್ತಿಯಿಂದ. ವಿಚಾರಿಸಿದರೆ, ಜುಮಾನ ಹಡಗಿನಲ್ಲೇ ಹಿಂದಿರುಗಿದ್ದ ಖಲ್ಫಾನನ ಅಂಗಳದಲ್ಲಿ ಮತ್ತೆ ಚಾಪೆ ಹಾಸಿದ್ದಾರಂತೆ. ತನ್ನವರನ್ನು ಬಿಡಿಸಲು ತಾನೇ ಮತ್ತೆ ಕಡಲಿಗೆ ಇಳಿದದ್ದು, ಹಕ್ಕಿಯ ಗೂಡಿಗೆ ಏರಿದ್ದು, ಮೂವರನ್ನು ಕಿತ್ತು ತಂದದ್ದು: ಹೊಸ ಕಥೆ. "ಏನೇ ಆಗಲಿ, ಹೋಗಿ ಕರ್ಕೊಂಡು ಬಂದ್ನಲ್ಲ, ದೊಡ್ಡ ಮನುಷ್ಯ," ಅನ್ನುತ್ತಿದ್ದರಂತೆ.

"ಬಿಡು ರಯ್ಯಾ," ಎಂದ ಮುಹನ್ನಾ.

"ನೀನು ಬಿಟ್ಟಿದ್ದೀಯಾ?"

ಅವನು ಎದ್ದು ಚಪ್ಪಲಿ ಮೆಟ್ಟಿದ.

ಈ ಸಲ ಕೂಗಾಡಲಿಲ್ಲ ನಾನು. ಮುಹನ್ನಾ, ಅತ್ತೆ, ಶಮ್ಸಾ, ನಾನು ನಾಲ್ವರೂ ಹೋಗಿ ಚಾಪೆಯ ಮೇಲೆ ಮುಂದಿನ ಸಾಲಿನಲ್ಲಿ ಕೂತೆವು. ಗಂಡಸರು ಸರಿದು ಜಾಗ ಕೊಟ್ಟರು. ಖಲ್ಫಾನ್ ಮುಹನ್ನಾನನ್ನು ಕಂಡು ಒಂದು ಗಳಿಗೆ ತೊದಲಿ, ಆಮೇಲೆ ತೋಳು ಚಾಚಿ, "ಇಗೋ, ಸಾಕ್ಷಿಯೇ ಬಂತು!" ಎಂದು ಮುಂದುವರಿಸಿದ. ಗೂಡು ಹೇಗಿತ್ತು, ಮೊಟ್ಟೆ ಎಷ್ಟಿತ್ತು, ಮರಿಗಳ ಕೊಕ್ಕಿನ ಬಣ್ಣ ಯಾವುದು, ಎಲ್ಲ ಹೇಳಿದ. ಚೆನ್ನಾಗಿಯೇ ಹೇಳಿದ. ನನ್ನೊಳಗಿನ ಮೂರ್ಖ ಹುಡುಗಿ ಒಂದು ಕ್ಷಣ ಕಿವಿ ನಿಮಿರಿಸಿದಳು. ಅವಳನ್ನು ಹಿಡಿದು ಕೂರಿಸಿದೆ.

"ಮೂವರನ್ನು ಹೆಗಲಿಗೆ ಹಾಕಿಕೊಂಡು ಇಳಿದೆ," ಎಂದ. "ನಾಲ್ವರನ್ನು ಉಳಿಸಲಾಗಲಿಲ್ಲ. ದೇವರು ಅವರಿಗೆ ಸ್ವರ್ಗ ಕೊಡಲಿ."

ಎಲ್ಲರೂ ಆಮೀನ್ ಎಂದರು. ಶಮ್ಸಾ ಅನ್ನಲಿಲ್ಲ.

"ನಾಖುದಾ," ಎಂದಳು ಅವಳು. ಆವತ್ತು ಹಡಗಿನ ಬಳಿ ಒಡೆದುಹೋದ ಧ್ವನಿ ಮತ್ತೆ ಸರಿಹೋಗಿರಲೇ ಇಲ್ಲ. "ಆ ನಾಲ್ವರ ಹೆಸರು ಹೇಳಿ."

"ಹೆಸರು..."

"ನಿಮ್ಮ ಹಡಗಿನಲ್ಲಿ ಎರಡು ವರ್ಷ ಉಂಡು ಮಲಗಿದವರು. ನಿಮಗೆ ಕರ್ಪೂರ ಕಟ್ಟಿಕೊಟ್ಟವರು. ಹೇಳಿ, ಎಲ್ಲರೂ ಕೇಳಲಿ."

ಖಲ್ಫಾನ್ ಗಡ್ಡ ನೀವಿದ. "ಒಬ್ಬ ಆ... ನಿಜ್ವಾ ಕಡೆಯ ಹುಡುಗ... ಕುಳ್ಳಗಿದ್ದ..." ಬೆರಳು ಮಡಿಚಲು ಹೋಗಿ ಮೊದಲ ಬೆರಳಿಗೇ ನಿಂತ. ಅಂಗಳದಲ್ಲಿ ಯಾರೋ ಕೆಮ್ಮಿದರು. ಹಿಂದಿನ ಸಾಲಿನ ಒಬ್ಬ ಮೆಲ್ಲಗೆ ಎದ್ದು ಚಪ್ಪಲಿ ಹುಡುಕತೊಡಗಿದ, ಅವನ ಹಿಂದೆ ಇನ್ನೊಬ್ಬ.

ನಮಗೆ ಎಲ್ಲರ ಹೆಸರೂ ಗೊತ್ತಿತ್ತು. ನಾವು ಹೇಳಿಕೊಡಲಿಲ್ಲ. ಅವನ ಬಾಯನ್ನೇ ನೋಡುತ್ತ ಕೂತೆವು.